ಘಟ್ಟ ಇಳಿಯುವ ಮುನ್ನ ನಿಲ್ಲಿಸಲು ಕಲಿಯಿರಿ: ಹೊಸ ಬೈಕ್ ಸವಾರರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 28 ವರ್ಷ. ಮನೆ ಶಿರಸಿ ಸಮೀಪದ ಹಳ್ಳಿಯಲ್ಲಿದೆ, ಕೆಲಸ ಕುಮಟಾದಲ್ಲಿ. ವಾರಕ್ಕೊಮ್ಮೆ ಊರಿಗೆ ಬಂದುಹೋಗಲು ಅನುಕೂಲವೆಂದು 125 ಸಿಸಿ ಬೈಕ್ ಕೊಂಡಿದ್ದೇನೆ. ಕಾಲೇಜಿನ ದಿನಗಳಲ್ಲಿ ಸ್ಕೂಟರ್ ಓಡಿಸಿದ್ದೆ, ಗಿಯರ್ ಇರುವ ಗಾಡಿ ಇದೇ ಮೊದಲು. ಲೈಸೆನ್ಸ್ ಕೈಗೆ ಬಂದಿದೆ, ಧೈರ್ಯ ಬಂದಿಲ್ಲ. ಪೇಟೆಯ ಏರಿನಲ್ಲಿ ನಿಲ್ಲಿಸಿ ಹೊರಡುವಾಗ ಎಂಜಿನ್ ನಿಂತುಬಿಡುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ ಕೈಕಾಲು ತಣ್ಣಗಾಗುತ್ತದೆ. ದಾರಿಯಲ್ಲಿರುವ ದೇವಿಮನೆ ಘಟ್ಟವನ್ನು ನೆನೆದರೆ ಹಿಂದಿನ ರಾತ್ರಿಯೇ ನಿದ್ದೆ ಹಾರಿಹೋಗುತ್ತದೆ. ‘ಒಮ್ಮೆ ಧೈರ್ಯ ಮಾಡಿ ಇಳಿದುಬಿಡು, ಹೆದರಿಕೆ ತಾನಾಗಿ ಬಿಟ್ಟುಹೋಗುತ್ತದೆ’ ಎನ್ನುತ್ತಾನೆ ಅಣ್ಣ. ಹಾಗೆ ಮಾಡಬಹುದೇ?
– ಹೆಸರು ಬೇಡ, ಶಿರಸಿ

ಉತ್ತರ: ಅಣ್ಣ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೂ ಆ ಮಾತನ್ನು ಪಾಲಿಸಬೇಡಿ. ಕಣ್ಣು ಮುಚ್ಚಿ ಒಮ್ಮೆ ಘಟ್ಟ ಇಳಿದವರಿಗೆ ಆ ದಿನ ಅದೃಷ್ಟ ಜೊತೆಗಿತ್ತು ಎಂಬುದಷ್ಟೇ ತಿಳಿಯುತ್ತದೆ. ಮುಂದಿನ ಸಲ ಎದುರಿಗೆ ಬಸ್ ಬಂದರೆ ಹೆದರಿಕೆ ಮತ್ತೆ ಅಲ್ಲೇ ಇರುತ್ತದೆ. ಸವಾರನಿಗೆ ನಿಜವಾದ ಧೈರ್ಯ ಬರುವುದು ‘ಬೇಕೆಂದಾಗ, ಬೇಕಾದಲ್ಲಿ ಈ ಗಾಡಿಯನ್ನು ನಿಲ್ಲಿಸಬಲ್ಲೆ’ ಎಂಬ ನಂಬಿಕೆಯಿಂದ. ಅದನ್ನು ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ ಗಳಿಸಬೇಕು.

ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ಭಯಗಳಿವೆ. ಒಂದು ಕ್ಲಚ್ಚಿನದು, ಇನ್ನೊಂದು ಘಟ್ಟದ್ದು. ಮೊದಲನೆಯದು ಕೆಲವು ದಿನಗಳಲ್ಲಿ ಹೋಗುತ್ತದೆ, ಅಲ್ಲಿಂದಲೇ ಆರಂಭಿಸೋಣ.

ಸ್ಕೂಟರಿನಲ್ಲಿ ಎಡಗೈಗೆ ಬ್ರೇಕ್ ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಬೈಕಿನಲ್ಲಿ ಅದೇ ಕೈ ಎಂಜಿನ್ನಿಗೂ ಚಕ್ರಕ್ಕೂ ನಡುವೆ ನಿಂತಿದೆ. ಗಾಬರಿಯಾದಾಗ ಸ್ಕೂಟರ್ ಅಭ್ಯಾಸದ ಬೆರಳುಗಳು ಕ್ಲಚ್ಚನ್ನು ಒಮ್ಮೆಲೇ ಬಿಡುತ್ತವೆ, ಎಂಜಿನ್ ನಿಲ್ಲುತ್ತದೆ. ಭಾನುವಾರ ಬೆಳಿಗ್ಗೆ ಶಾಲೆಯವರ ಅನುಮತಿ ಪಡೆದು ಮೈದಾನಕ್ಕೆ ಹೋಗಿ. ಮೊದಲ ಗಿಯರ್ ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಬಾವಿಗೆ ಕೊಡ ಇಳಿಸುವಾಗ ಹಗ್ಗ ಬಿಡುವ ಹಾಗೆ ಕ್ಲಚ್ಚನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಬನ್ನಿ. ಒಂದು ಜಾಗದಲ್ಲಿ ಎಂಜಿನ್ ಸದ್ದು ದಪ್ಪವಾಗುತ್ತದೆ, ಸೀಟಿನ ಕೆಳಗೆ ಸಣ್ಣ ನಡುಕ ಬರುತ್ತದೆ, ಗಾಡಿ ಮುಂದಕ್ಕೆ ತುಯ್ಯುತ್ತದೆ. ಹಾಫ್ ಕ್ಲಚ್ ಎನ್ನುತ್ತಾರಲ್ಲ, ಅದು ಇದೇ. ಬೆರಳುಗಳನ್ನು ಅಲ್ಲೇ ತಡೆಹಿಡಿಯಿರಿ, ಮತ್ತೆ ಕ್ಲಚ್ ಹಿಡಿಯಿರಿ. ಗಾಡಿ ಒಂದು ಮೊಳ ಮುಂದೆ ಹೋದರೆ ಸಾಕು. ಕಣ್ಣು ಹಾಯಿಸದೆಯೇ ಬೆರಳುಗಳು ಆ ಜಾಗವನ್ನು ಗುರುತಿಸುವವರೆಗೆ ಇದನ್ನೇ ಮಾಡಿ. ಬೇಸರ ಬರುತ್ತದೆ, ಬರಲಿ. ನನ್ನ ಬಳಿ ಕಲಿಯಲು ಬಂದವರಲ್ಲಿ ಈ ಹಂತವನ್ನು ಹಾರಿಸಿದವರೇ ಪೇಟೆಯ ನಡುವೆ ಒದ್ದಾಡಿದ್ದನ್ನು ಕಂಡಿದ್ದೇನೆ.

ಆಮೇಲೆ ಏರು. ವಾಹನ ಓಡಾಡದ ಸಣ್ಣ ದಿಬ್ಬವೊಂದನ್ನು ಹುಡುಕಿಕೊಳ್ಳಿ. ಏರಿನಲ್ಲಿ ಗಾಡಿ ಹಿಂದಕ್ಕೆ ಜಾರದಂತೆ ಹಿಡಿಯುವುದು ಬಲಗಾಲಿನ ಬ್ರೇಕ್. ಆದ್ದರಿಂದ ನೆಲಕ್ಕೆ ಊರುವುದು ಎಡಗಾಲು ಮಾತ್ರ. ಎರಡೂ ಕಾಲು ಊರುವ ಸ್ಕೂಟರ್ ರೂಢಿ ಇಲ್ಲಿ ಕೈಕೊಡುತ್ತದೆ. ಬಲಗಾಲಿನ ಬ್ರೇಕ್ ಒತ್ತಿಯೇ ಇರಲಿ, ಆಕ್ಸಿಲರೇಟರ್ ತುಸು ಕೊಡಿ, ಕ್ಲಚ್ಚನ್ನು ಆ ನಡುಕದ ಜಾಗಕ್ಕೆ ತನ್ನಿ. ಗಾಡಿ ಬ್ರೇಕಿಗೆ ವಿರುದ್ಧವಾಗಿ ಎಳೆಯುತ್ತಿದೆ ಎಂದು ಗೊತ್ತಾದ ಮೇಲೆ ಬ್ರೇಕ್ ಬಿಡಿ. ಹಿಂದೆ ಯಾರಾದರೂ ಹಾರ್ನ್ ಹೊಡೆದರೆ ಹೊಡೆಯಲಿ. ಎಂಜಿನ್ ನಿಂತರೆ ಬ್ರೇಕ್ ಹಿಡಿದುಕೊಂಡೇ ಕ್ಲಚ್ ಒತ್ತಿ, ಸ್ಟಾರ್ಟ್ ಮಾಡಿ, ಹೊರಡಿ. ಇದಕ್ಕೆ ತಗಲುವುದು ಕೆಲವೇ ಕ್ಷಣ. ಅಷ್ಟು ಹೊತ್ತು ಕಾಯುವುದು ಹಿಂದಿನವರ ಕರ್ತವ್ಯ.

ಮೈದಾನ ಬಿಡುವ ಮುನ್ನ ಬ್ರೇಕನ್ನೂ ಪಳಗಿಸಿಕೊಳ್ಳಿ. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಹೆದರಿಕೆಯನ್ನು ನಮ್ಮ ಕಡೆ ಮನೆಮನೆಯಲ್ಲೂ ತುಂಬಿಬಿಟ್ಟಿದ್ದಾರೆ. ಇದು ತಪ್ಪು, ಅಪಾಯಕಾರಿ ಕೂಡ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮುಂದಿನ ಟೈರ್ ರಸ್ತೆಯನ್ನು ಬಿಗಿಯಾಗಿ ಕಚ್ಚುತ್ತದೆ, ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲಿಂದಲೇ ಸಿಗುತ್ತದೆ. ಬೀಳಿಸುವುದು ಗಪ್ಪನೆ ಹಿಡಿಯುವುದು, ಹ್ಯಾಂಡಲ್ ತಿರುಗಿಸಿಕೊಂಡು ಹಿಡಿಯುವುದು. ಹ್ಯಾಂಡಲ್ ನೇರವಿಟ್ಟು, ಎರಡೂ ಬ್ರೇಕನ್ನು ಒಟ್ಟಿಗೆ, ಮುಂದಿನದನ್ನು ಹಿಂಡುತ್ತ ಬಿಗಿಗೊಳಿಸುತ್ತ ಹೋಗಿ. ಮೊದಲು 20 ಕಿ.ಮೀ. ವೇಗದಲ್ಲಿ, ಆಮೇಲೆ 30ರಲ್ಲಿ, ಆಮೇಲೆ 40ರಲ್ಲಿ. 125 ಸಿಸಿವರೆಗಿನ ಹೊಸ ಗಾಡಿಗಳಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿತ ಹಂಚಿಹೋಗುವ ಸಿಬಿಎಸ್ ವ್ಯವಸ್ಥೆಯನ್ನು ಅಥವಾ ಎಬಿಎಸ್ಸನ್ನು (ಗಟ್ಟಿಯಾಗಿ ಬ್ರೇಕ್ ಹಿಡಿದರೂ ಚಕ್ರ ತಿರುಗುವುದು ನಿಂತು ಜಾರದಂತೆ ತಡೆಯುವ ವ್ಯವಸ್ಥೆ), ಅದಕ್ಕಿಂತ ದೊಡ್ಡ ಗಾಡಿಗಳಲ್ಲಿ ಎಬಿಎಸ್ಸನ್ನೇ 2019ರ ಏಪ್ರಿಲ್‌ನಿಂದ ಕಡ್ಡಾಯ ಮಾಡಲಾಗಿದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ. ಎರಡೂ ಒಳ್ಳೆಯವೇ, ಆದರೆ ಯಾವುದೂ ವೇಗದ ಲೆಕ್ಕವನ್ನು ಬದಲಿಸುವುದಿಲ್ಲ. 60 ಕಿ.ಮೀ. ವೇಗದಲ್ಲಿರುವ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಹಿಡಿದ ಮೇಲೆ 40ರಲ್ಲಿ ಬೇಕಾಗುವ ದೂರದ ಎರಡು ಪಟ್ಟಿಗಿಂತ ಹೆಚ್ಚು ದೂರ 60ರಲ್ಲಿ ಬೇಕು.

ಈಗ ದೇವಿಮನೆ. ಶಿರಸಿ–ಕುಮಟಾ ಮಾರ್ಗವೆಲ್ಲ ಒಂದೇ ಬಗೆಯದಲ್ಲ. ಶಿರಸಿಯಿಂದ ರಾಗಿಹೊಸಳ್ಳಿಯವರೆಗಿನದು ಕಾಡು, ತೋಟಗಳ ನಡುವಿನ ಸಾಧಾರಣ ರಸ್ತೆ. ಅತ್ತ ದಿವಗಿಯಿಂದ ಕತಗಾಲದವರೆಗೂ ಹಾಗೆಯೇ. ಘಟ್ಟವೆಂದು ಹೆದರಬೇಕಾದದ್ದು ಇವೆರಡರ ನಡುವಿನ ಭಾಗ. ಮೊದಲ ಕೆಲವು ವಾರ ಎರಡು ತುದಿಗಳಲ್ಲಿ ಮಾತ್ರ ಓಡಿಸಿ. ಆ ನಂತರ ಅಣ್ಣನ ನೆರವು ಪಡೆಯಿರಿ. ಅವರು ಗಾಡಿಯನ್ನು ಕುಮಟಾಕ್ಕೆ ಇಳಿಸಲಿ, ನೀವು ಹೆಲ್ಮೆಟ್ ಧರಿಸಿ ಹಿಂದೆ ಕುಳಿತು ಯಾವ ತಿರುವಿನಲ್ಲಿ ಯಾವ ಗಿಯರ್, ಎಲ್ಲಿ ಬ್ರೇಕ್ ಎಂದು ಗಮನಿಸಿ. ಆಮೇಲಿನ ಶನಿವಾರ ಬೆಳಕಿರುವಾಗಲೇ ಕುಮಟಾ ಬಿಟ್ಟು ನೀವೇ ಹತ್ತಿಸಿಕೊಂಡು ಬನ್ನಿ. ಹತ್ತುವುದು ಇಳಿಯುವುದಕ್ಕಿಂತ ಸುಲಭ. ಆಕ್ಸಿಲರೇಟರ್ ಇಳಿಸಿದರೆ ಸಾಕು, ಏರೇ ಗಾಡಿಯ ವೇಗ ತಗ್ಗಿಸುತ್ತದೆ. ಇಳಿಯುವ ಸರದಿ ಕೊನೆಗೆ ಇರಲಿ.

ಇಳಿಯುವಾಗ ಪೆಟ್ರೋಲ್ ಉಳಿಸಲೆಂದು ಎಂಜಿನ್ ಆಫ್ ಮಾಡುವವರನ್ನು, ನ್ಯೂಟ್ರಲ್‌ನಲ್ಲಿ ಬಿಡುವವರನ್ನು ನೀವು ನೋಡಿರುತ್ತೀರಿ. ದಯವಿಟ್ಟು ಅವರನ್ನು ಅನುಸರಿಸಬೇಡಿ. ಎರಡನೇ ಅಥವಾ ಮೂರನೇ ಗಿಯರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಉದ್ದಕ್ಕೂ ಬ್ರೇಕನ್ನೇ ನಂಬಿದರೆ ಅದು ಕಾದು, ಹಿಡಿತ ಕಳೆದುಕೊಳ್ಳುತ್ತದೆ. ತಿರುವಿಗೆ ಬರುವ ಮುಂಚೆ, ರಸ್ತೆ ನೇರವಿರುವಾಗಲೇ ಬ್ರೇಕ್ ಹಾಕುವ, ಗಿಯರ್ ಇಳಿಸುವ ಕೆಲಸ ಮುಗಿದಿರಬೇಕು. ತಿರುವಿನೊಳಗೆ ಕಣ್ಣು ರಸ್ತೆ ಮುಂದೆ ತೆರೆದುಕೊಳ್ಳುವ ಕಡೆಗೆ ಇರಲಿ. ಕಂದಕವನ್ನೋ ತಡೆಗೋಡೆಯನ್ನೋ ನೋಡುತ್ತಿದ್ದರೆ ಗಾಡಿಯೂ ಅತ್ತಲೇ ವಾಲುತ್ತದೆ. ಕಣ್ಣು ಹೋದಲ್ಲಿ ಕೈ ಹೋಗುತ್ತದೆ. ಬಲಕ್ಕೆ ತಿರುಗುವಾಗ ಇನ್ನೊಂದು ಎಚ್ಚರ ಬೇಕು. ಚಕ್ರಗಳು ನಮ್ಮ ಬದಿಯಲ್ಲೇ ಇದ್ದರೂ ವಾಲಿದ ತಲೆ, ಭುಜ ನಡುಗೆರೆ ದಾಟಿರುತ್ತವೆ. ಎದುರಿನ ಲಾರಿಗೆ ಅಷ್ಟು ಸಾಕು. ಗೆರೆಯಿಂದ ಚೆನ್ನಾಗಿ ಎಡಕ್ಕೆ ಇರಿ.

ಮಡಿಚು ತಿರುವಿನಲ್ಲಿ ಬಸ್ಸು, ಲಾರಿಗಳು ರಸ್ತೆಯನ್ನೆಲ್ಲ ಬಳಸಿಕೊಳ್ಳದೆ ತಿರುಗಲಾರವು. ಅದು ಚಾಲಕನ ದರ್ಪವಲ್ಲ, ಅಷ್ಟು ಉದ್ದದ ವಾಹನಕ್ಕೆ ಬೇರೆ ದಾರಿಯಿಲ್ಲ. ತಿರುವಿಗೆ ಮೊದಲೇ ನಿಂತು ಬಿಟ್ಟುಕೊಡಿ. ಘಟ್ಟದಲ್ಲಿ ಏರಿ ಬರುವವರಿಗೆ ಇಳಿಯುವವರು ದಾರಿ ಬಿಡಬೇಕೆಂಬುದು ನಿಯಮವೂ ಹೌದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಮೊದಲ ವರ್ಷದ ಮಟ್ಟಿಗೆ, ಘಟ್ಟಕ್ಕೆ ಬಸ್ಸೇ ಇರಲಿ. ಇದು ಹೇಡಿತನವಲ್ಲ. ಮಂಜು ಕವಿದಾಗ, ರಸ್ತೆಯಂಚಿನಲ್ಲಿ ಪಾಚಿ ಕಟ್ಟಿದಾಗ, ಒದ್ದೆ ದರಕು (ಉದುರಿದ ಎಲೆ) ಹಾಸಿದಾಗ ವರ್ಷಗಟ್ಟಲೆ ಓಡಿಸಿದವರೂ ಬಿದ್ದಿದ್ದಾರೆ. ಅನಿವಾರ್ಯವಾಗಿ ಹೋಗಬೇಕಾಗಿ ಬಂದು, ನಡುವೆ ಮಳೆ ಜೋರಾದರೆ ಗುಡ್ಡ ಕೊರೆದ ಜಾಗದ ಬುಡದಲ್ಲಿ ಮಾತ್ರ ನಿಲ್ಲಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ಹೆದ್ದಾರಿ ಬದಿಯ ಹೋಟೆಲಿನ ಮೇಲೆ, ಅಲ್ಲಿ ನಿಂತ ವಾಹನಗಳ ಮೇಲೆ.

ಪ್ರಶ್ನೆ: ಕಾರವಾರದಿಂದ ಅಂಕೋಲಾಕ್ಕೆ ದಿನವೂ ಬೈಕಿನಲ್ಲಿ ಹೋಗುತ್ತಿದ್ದೆ. ಹೋದ ತಿಂಗಳು ಲಾರಿಯೊಂದು ನನ್ನನ್ನು ಹಿಂದೆ ಹಾಕುವಾಗ ಗಾಬರಿಯಿಂದ ರಸ್ತೆ ಬಿಟ್ಟು ಪಕ್ಕದ ಮರಳಿಗೆ ಇಳಿದೆ, ಮುಂದಿನ ಬ್ರೇಕ್ ಹಿಡಿದು ಬಿದ್ದೆ. ಮೊಣಕೈ ತರಚಿದ್ದು ವಾಸಿಯಾಗಿದೆ. ಆದರೆ ಈಗ ಹಿಂದೆ ಲಾರಿಯ ಸದ್ದು ಕೇಳಿದರೆ ಸಾಕು, ಹ್ಯಾಂಡಲ್ ನಡುಗುತ್ತದೆ.
– ಓದುಗ, ಕಾರವಾರ

ಉತ್ತರ: ನಡುಗುತ್ತಿರುವುದು ಕೈಯೋ ಹ್ಯಾಂಡಲ್ಲೋ ಎಂದು ಮೊದಲು ತಿಳಿಯಬೇಕು. ಬಿದ್ದ ಗಾಡಿಯ ಫೋರ್ಕ್, ಹ್ಯಾಂಡಲ್, ಮುಂದಿನ ಚಕ್ರ ಸೊಟ್ಟಗಾಗಿದೆಯೇ ಎಂದು ಮೆಕ್ಯಾನಿಕ್ ಬಳಿ ತೋರಿಸಿ. ಸೊಟ್ಟಗಾದ ಗಾಡಿಯನ್ನು ಓಡಿಸುತ್ತ ತನ್ನ ಧೈರ್ಯವನ್ನೇ ದೂರಿಕೊಳ್ಳುವವರು ಬಹಳ ಜನ. ತಲೆಗೆ ಪೆಟ್ಟು ಬಿದ್ದಿದ್ದರೆ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಿ.

ಗಾಡಿ ಸರಿಯಿದ್ದರೆ ಕೈಯ ವಿಚಾರ. ಹೆದರಿದವರು ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಾರೆ, ಆಗ ಲಾರಿಯ ಗಾಳಿ ಭುಜಕ್ಕೆ ಹೊಡೆದದ್ದೆಲ್ಲ ನೇರ ಹ್ಯಾಂಡಲಿಗೆ ಹೋಗುತ್ತದೆ. ಮೊಣಕಾಲುಗಳಿಂದ ಟ್ಯಾಂಕನ್ನು ಒತ್ತಿ ಹಿಡಿಯಿರಿ, ಮೊಣಕೈ ಸಡಿಲ ಬಿಡಿ. ದೊಡ್ಡ ವಾಹನ ದಾಟುವಾಗ ಗಾಳಿ ಮೊದಲು ಆಚೆಗೆ ತಳ್ಳುತ್ತದೆ, ದಾಟಿದ ಮೇಲೆ ಅದರತ್ತ ಎಳೆಯುತ್ತದೆ. ಇದು ಮೊದಲೇ ತಿಳಿದಿದ್ದರೆ ಅರ್ಧ ಗಾಬರಿ ಕಡಿಮೆ. ಕಾಳಿ ಸೇತುವೆ, ಹೊನ್ನಾವರದ ಶರಾವತಿ ಸೇತುವೆಗಳ ಮೇಲೆ ಸಮುದ್ರದ ಗಾಳಿ ಬದಿಯಿಂದ ಬಡಿಯುತ್ತದೆ, ಅಲ್ಲೂ ಇದೇ ಉಪಾಯ. ಕನ್ನಡಿಯಲ್ಲಿ ಲಾರಿಯನ್ನು ದೂರದಲ್ಲೇ ಗುರುತಿಸುವ ಅಭ್ಯಾಸ ಮಾಡಿಕೊಳ್ಳಿ. ಬರುವುದನ್ನು ಮೊದಲೇ ಕಂಡವರು ಸದ್ದಿಗೆ ಬೆಚ್ಚುವುದಿಲ್ಲ.

ರಸ್ತೆಯ ತೀರಾ ಅಂಚಿಗೆ ಒತ್ತಿಕೊಂಡು ಹೋಗಬೇಡಿ. ಅಂಚಿನಲ್ಲಿ ಇರುವವರನ್ನು ಲಾರಿಯವರು ಇನ್ನಷ್ಟು ಸವರಿಕೊಂಡೇ ದಾಟುತ್ತಾರೆ, ನಿಮಗೆ ಸರಿಯಲು ಜಾಗವೂ ಉಳಿಯುವುದಿಲ್ಲ. ಮತ್ತೆ ಮರಳಿಗೆ ಇಳಿಯುವ ಪ್ರಸಂಗ ಬಂದರೆ ಮುಂದಿನ ಬ್ರೇಕ್ ಮುಟ್ಟಬೇಡಿ. ಹ್ಯಾಂಡಲ್ ನೇರ ಹಿಡಿದು, ಆಕ್ಸಿಲರೇಟರ್ ನಿಧಾನಕ್ಕೆ ಬಿಟ್ಟು, ಗಾಡಿ ತಾನಾಗಿ ಸೊರಗಲಿ. ಹಿಂದಿನ ಬ್ರೇಕ್ ಹಗುರವಾಗಿ ಮುಟ್ಟಬಹುದು. ವೇಗ ಪೂರ್ತಿ ತಗ್ಗಿದ ಮೇಲೆ, ಡಾಂಬರಿನ ಅಂಚು ನೆಲಕ್ಕೆ ಸಮವಾಗಿರುವಲ್ಲಿ ರಸ್ತೆಗೆ ಹತ್ತಿ.

ಕರಾವಳಿಯಲ್ಲಿ ಓಡಿಸುವವರಿಗೆಲ್ಲ ಮೀನಿನ ಲಾರಿಯ ಬಗ್ಗೆಯೂ ಹೇಳಬೇಕು. ಒಣ ರಸ್ತೆಯ ಮೇಲೆ ಅಂಗೈ ಅಗಲದ ಕಪ್ಪು ಪಟ್ಟೆ ಉದ್ದಕ್ಕೆ ಎಳೆದಂತೆ ಕಾಣುತ್ತದೆ, ಏರಿನಲ್ಲಿ, ತಿರುವಿನಲ್ಲಿ ಅದು ಅಗಲವಾಗಿ ಹರಡಿರುತ್ತದೆ. ಮಂಜುಗಡ್ಡೆ ಕರಗಿ ಸೋರಿದ ನೀರು ಅದು, ಮೀನಿನ ಜಿಡ್ಡೂ ಸೇರಿರುತ್ತದೆ. ಎಷ್ಟೋ ಸಲ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. ಅದರ ಮೇಲೆ ವಾಲಬೇಡಿ, ಬ್ರೇಕ್ ಹಾಕಬೇಡಿ, ಸಾಧ್ಯವಾದಷ್ಟು ಪಟ್ಟೆಯ ಪಕ್ಕದಲ್ಲೇ ಸಾಗಿ.

ಕೆಲವು ದಿನ ಲಾರಿ ಕಡಿಮೆ ಇರುವ ಬೆಳಗಿನ ಹೊತ್ತಿನಲ್ಲಿ ಅರ್ಧ ದಾರಿ ಹೋಗಿ ಬನ್ನಿ. ಬಿದ್ದ ಜಾಗದಲ್ಲಿ ಒಮ್ಮೆ ಗಾಡಿ ನಿಲ್ಲಿಸಿ, ಕಾಲ್ನಡಿಗೆಯಲ್ಲಿ ಆ ಅಂಚನ್ನು, ಆ ಮರಳನ್ನು ನೋಡಿ. ಏಕೆ ಬಿದ್ದೆ ಎಂಬುದು ಕಣ್ಣಾರೆ ಕಂಡರೆ ಮನಸ್ಸು ಹಗುರಾಗುತ್ತದೆ. ತಿಂಗಳುಗಟ್ಟಲೆ ಕಳೆದರೂ ನಿದ್ದೆ ಕೆಡುತ್ತಿದ್ದರೆ, ಎದೆಬಡಿತ ಏರುತ್ತಿದ್ದರೆ ವೈದ್ಯರೊಂದಿಗೆ ಮಾತಾಡಲು ಸಂಕೋಚ ಬೇಡ.

ಪ್ರಶ್ನೆ: ಮಗನಿಗೆ ಈಗಷ್ಟೇ 18 ತುಂಬಿದೆ. 350 ಸಿಸಿ ಬೈಕೇ ಬೇಕು, ಭಾರದ ಗಾಡಿ ರಸ್ತೆ ಹಿಡಿದು ಓಡುತ್ತದೆ, ಅದೇ ಸುರಕ್ಷಿತ ಎನ್ನುತ್ತಾನೆ. ಕೊಡಿಸಲೇ?
– ತಂದೆ, ಹೊನ್ನಾವರ

ಉತ್ತರ: ಈಗ ಬೇಡ. ಭಾರದ ಗಾಡಿ ನೇರ ಹೆದ್ದಾರಿಯಲ್ಲಿ ಸ್ಥಿರವಾಗಿ ಓಡುವುದು ನಿಜ. ಹೊಸಬರು ಬೀಳುವುದು ಹೆಚ್ಚಾಗಿ ನಿಲ್ಲಿಸುವಾಗ, ತಿರುಗಿಸುವಾಗ, ಇಳಿಜಾರಿನ ಅಂಗಳದಲ್ಲಿ ಹಿಂದಕ್ಕೆ ತಳ್ಳುವಾಗ. ಅಲ್ಲೆಲ್ಲ ಭಾರವೇ ಶತ್ರು. ಸೀಟಿನ ಮೇಲೆ ಕುಳಿತರೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರುವ, 100ರಿಂದ 125 ಸಿಸಿಯ ಗಾಡಿಯಲ್ಲಿ ಒಂದು ಮಳೆಗಾಲವನ್ನೂ ಒಂದು ಬೇಸಿಗೆಯನ್ನೂ ಕಳೆಯಲಿ. ಮನೆಯಲ್ಲಿ ಹಳೆಯದಿದ್ದರೆ ಇನ್ನೂ ಒಳ್ಳೆಯದು.

ಕಲಿಕಾ ಲೈಸೆನ್ಸ್ ಸಿಕ್ಕಿ 30 ದಿನವಾದ ಮೇಲಷ್ಟೇ ಪೂರ್ಣ ಲೈಸೆನ್ಸ್ ಪರೀಕ್ಷೆಗೆ ಹೋಗಬಹುದು. ಕಲಿಕಾ ಲೈಸೆನ್ಸಿನ ಅವಧಿ ಆರು ತಿಂಗಳು. ಆ ದಿನಗಳಲ್ಲಿ ಕಲಿಸುವವರನ್ನು ಬಿಟ್ಟು ಗೆಳೆಯರನ್ನು ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಲೈಸೆನ್ಸ್ ಬಂದ ಮೇಲೂ ಕೆಲವು ತಿಂಗಳು ಒಬ್ಬನೇ ಓಡಿಸಲಿ ಎಂದು ನೀವೇ ಪಟ್ಟು ಹಿಡಿಯಿರಿ. ಗೆಳೆಯ ಹಿಂದೆ ಕುಳಿತಾಗ ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರವೂ ಬದಲಾಗುತ್ತದೆ, ಹುಡುಗನ ಮನಸ್ಸೂ ಬದಲಾಗುತ್ತದೆ. ದೊಡ್ಡ ಬೈಕಿಗೆಂದು ತೆಗೆದಿಟ್ಟ ಹಣದಲ್ಲಿ ಐಎಸ್‌ಐ ಗುರುತಿನ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಕೈಗವಸು, ಪಾದದ ಗಂಟು ಮುಚ್ಚುವ ಬೂಟು ಕೊಡಿಸಿ. ಹೆಲ್ಮೆಟ್ ಕೊಳ್ಳಲು ಅವನನ್ನೇ ಕರೆದೊಯ್ಯಿರಿ. ಪಟ್ಟಿ ಕಟ್ಟಿ ತಲೆ ಅಲ್ಲಾಡಿಸಿದಾಗ ಹೆಲ್ಮೆಟ್ ಬೇರೆಯಾಗಿ ಅಲ್ಲಾಡಬಾರದು, ಹಿಂದಿನಿಂದ ಎತ್ತಿದರೆ ಕಳಚಿ ಬರಬಾರದು.