ದಾವಣಗೆರೆಯಲ್ಲಿ ಗುಟ್ಟು ಬಯಲಾಗದೆ ಎಚ್‌ಐವಿ ಟೆಸ್ಟ್ ಎಲ್ಲಿ? – ಪ್ರತಿಕ್ರಿಯೆ

ಗಂಡಸರ ಜೊತೆ ಸಂಬಂಧವಿದೆ, ಖಾಸಗಿ ಲ್ಯಾಬಿಗೆ ಹೋಗಿ ಟೆಸ್ಟ್ ಮಾಡಿಸದೆ ವಾಪಸ್ ಬಂದೆ, ಇನ್ನೆಲ್ಲಿ ಮಾಡಿಸಲಿ ಅಂತ ಕೇಳಿದ್ದೀರಿ. ನೀವು ಖಾಸಗಿ ಲ್ಯಾಬಿಗೆ ಹೋಗಿದ್ದೇ ಬಹುಶಃ ತೊಂದರೆ. ಕೌಂಟರಿನಲ್ಲಿ ಎಲ್ಲರೆದುರು ‘ಮದುವೆ ಆಗಿದೆಯಾ, ಯಾಕೆ ಈ ಟೆಸ್ಟ್’ ಅಂತ ಕೇಳಿದರೆ ಯಾರಾದರೂ ವಾಪಸ್ ಬರುತ್ತಾರೆ, ಅಲ್ವಾ?

ಮೊದಲು ಒಂದು ಮಾತು. ಕಾಂಡೋಮ್ ಇಲ್ಲದೆ ಸೇರಿ 72 ಗಂಟೆ ದಾಟಿಲ್ಲದಿದ್ದರೆ ಕಾಯಬೇಡಿ, ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಪಿಇಪಿ (ಎಚ್‌ಐವಿ ತಗುಲದಂತೆ ತಡೆಯುವ) ಮಾತ್ರೆ ಕೇಳಿ.

ದಾಟಿದ್ದರೆ ಚಿಗಟೇರಿ ಜಿಲ್ಲಾ ಆಸ್ಪತ್ರೆಯಲ್ಲಿ ಐಸಿಟಿಸಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಎಲ್ಲಿ ಅಂತ ವಿಚಾರಿಸಿ. ಟೆಸ್ಟ್ ಉಚಿತ. ಮೊದಲು ಆಪ್ತಸಮಾಲೋಚಕರು ಮಾತಾಡುತ್ತಾರೆ. ಗಂಡಸರ ಜೊತೆ ಸಂಬಂಧವಿದೆ ಅಂತ ಅವರಿಗೆ ಹೇಳಿಬಿಡಿ. ಹೇಳದಿದ್ದರೆ ಗಂಟಲು, ಗುದದ್ವಾರದಲ್ಲಿ ಸೋಂಕಿದ್ದರೂ ಪತ್ತೆಯಾಗದೆ ಉಳಿಯಬಹುದು. ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್ ರೋಗದ ಟೆಸ್ಟನ್ನೂ ಕೇಳಿ. ಗುಟ್ಟು ಕಾಪಾಡುವುದು 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಅವರ ಹೊಣೆ.

ಪರಿಚಯದವರು ಕಾಣುವ ಭಯವೇ? ಚಿತ್ರದುರ್ಗ ಜಿಲ್ಲಾ ಆಸ್ಪತ್ರೆಗೆ ಹೋಗಿ. ಅನುಮಾನವಿದ್ದರೆ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಉಚಿತ. ನೆಗೆಟಿವ್ ಬಂದರೂ ಮೂರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸಿ.