ನೊಬೆಲ್ ಲೇಖನ ಕಳುಹಿಸಿದ ಮದ್ದೂರಿನ ಬರಹಗಾರರಿಗೆ

ಮಾನ್ಯರೇ,

ವಿಜ್ಞಾನ, ವೈದ್ಯಕೀಯ ಮತ್ತು ಅರ್ಥಶಾಸ್ತ್ರಗಳಲ್ಲಿ ನೊಬೆಲ್ ಪುರಸ್ಕಾರ ಪಡೆದವರನ್ನು ಕುರಿತು ನೀವು ಕಳುಹಿಸಿದ ಹನ್ನೆರಡು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ನಮ್ಮ ಮಾಸಪತ್ರಿಕೆಯಲ್ಲಿ ಪ್ರಕಟಿಸಲಾಗುವುದಿಲ್ಲ. ಮೈಸೂರಿನ ಈ ಪುಟ್ಟ ಕಚೇರಿಗೆ ಬರುವ ಲೇಖನಗಳಿಗೆಲ್ಲ ಇಷ್ಟುದ್ದದ ಉತ್ತರ ಬರೆಯುವ ಪದ್ಧತಿ ನನಗಿಲ್ಲ; ನಿಮ್ಮ ಒಂಬತ್ತನೆಯ ಪುಟದ ಒಂದು ವಾಕ್ಯ ಇದನ್ನು ಬರೆಸುತ್ತಿದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ತಪ್ಪುಗಳು. ಅರ್ಥಶಾಸ್ತ್ರದ ಪುರಸ್ಕಾರವನ್ನೂ ಆಲ್ಫ್ರೆಡ್ ನೊಬೆಲ್ ತಮ್ಮ ಉಯಿಲಿನಲ್ಲಿ ಬರೆದಿಟ್ಟಿದ್ದರು ಎಂದಿದ್ದೀರಿ. 1895ರ ಆ ಉಯಿಲಿನಲ್ಲಿ ಅರ್ಥಶಾಸ್ತ್ರದ ಹೆಸರೇ ಇಲ್ಲ. ಸ್ವೀಡನ್ನಿನ ಕೇಂದ್ರ ಬ್ಯಾಂಕು 1968ರಲ್ಲಿ ನೊಬೆಲ್ ಅವರ ನೆನಪಿಗೆಂದು ಸ್ಥಾಪಿಸಿದ ಪುರಸ್ಕಾರ ಅದು; ಮೊದಲ ಬಾರಿಗೆ ಕೊಟ್ಟದ್ದು 1969ರಲ್ಲಿ. ಸಿ. ವಿ. ರಾಮನ್ ಅವರು ಬೆಂಗಳೂರಿನ ಪ್ರಯೋಗಾಲಯದಲ್ಲಿ ಚದುರಿದ ಬೆಳಕಿನ ಬಣ್ಣ ಬದಲಾಗುವ ‘ರಾಮನ್ ಪರಿಣಾಮ’ವನ್ನು ಕಂಡುಹಿಡಿದರೆಂಬ ಮಾತೂ ಸರಿಯಲ್ಲ. ಆ ಕೆಲಸ ನಡೆದದ್ದು 1928ರಲ್ಲಿ, ಕಲ್ಕತ್ತೆಯಲ್ಲಿ. ಪುರಸ್ಕಾರ ಬಂದದ್ದು 1930ರಲ್ಲಿ. ಅವರು ಬೆಂಗಳೂರಿಗೆ ಬಂದದ್ದು 1933ರಲ್ಲಿ. ನಮ್ಮ ಸೀಮೆಯ ಅಭಿಮಾನ ನನಗೂ ಇದೆ, ಆದರೆ ಅದಕ್ಕಾಗಿ ಇಸವಿಗಳನ್ನು ಹಿಂದುಮುಂದು ಮಾಡಲು ಬರುವುದಿಲ್ಲ.

ಇವು ತಿದ್ದಬಹುದಾದ ತಪ್ಪುಗಳು. ನನ್ನ ನಿಜವಾದ ತಕರಾರು ಲೇಖನದ ನಡಿಗೆಯ ಬಗ್ಗೆ. ನಲವತ್ತೊಂದು ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿಯೊಬ್ಬರೂ ‘ಅಪ್ರತಿಮ ಪ್ರತಿಭಾವಂತರು’, ಪ್ರತಿಯೊಂದು ಶೋಧವೂ ‘ಮಾನವಕುಲಕ್ಕೆ ವರದಾನ’. ಯಾರು ಏನು ಮಾಡಿದರು, ಯಾವ ಕಡೆ ಎಡವಿದರು, ಎಡವಿದ್ದನ್ನು ಯಾರು ಸರಿಪಡಿಸಿದರು ಎಂಬುದು ಒಂದು ಕಡೆಯೂ ಇಲ್ಲ. ಇನ್ಸುಲಿನ್ ವಿಷಯವನ್ನೇ ನೋಡಿ. ‘ಬ್ಯಾಂಟಿಂಗ್ ಕಂಡುಹಿಡಿದರು, ಮಧುಮೇಹಿಗಳು ಬದುಕಿದರು’ ಎಂದು ಒಂದೂವರೆ ಸಾಲಿನಲ್ಲಿ ಮುಗಿಸಿದ್ದೀರಿ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ ಚುಚ್ಚಿದ ಮೊದಲ ಸಾರ ಅಶುದ್ಧವಾಗಿತ್ತು, ಹೆಚ್ಚಿನ ಗುಣ ಕಾಣಲಿಲ್ಲ. ಜೇಮ್ಸ್ ಕಾಲಿಪ್ ಎಂಬ ಜೀವರಸಾಯನ ತಜ್ಞರು ಹಗಲಿರುಳು ಕುಳಿತು ಅದನ್ನು ಶುದ್ಧೀಕರಿಸಿದ ಮೇಲೆ, ಅದೇ ತಿಂಗಳ 23ರಿಂದ ಕೊಟ್ಟ ಚುಚ್ಚುಮದ್ದಿಗೆ ಹುಡುಗ ಚೇತರಿಸಿಕೊಂಡ. ಮರುವರ್ಷ ಪುರಸ್ಕಾರ ಸಂದದ್ದು ಬ್ಯಾಂಟಿಂಗ್ ಮತ್ತು ಆ ಪ್ರಯೋಗಾಲಯದ ಮುಖ್ಯಸ್ಥ ಮೆಕ್ಲಾಯ್ಡ್ ಇಬ್ಬರಿಗೆ ಮಾತ್ರ. ಬ್ಯಾಂಟಿಂಗ್ ತಮ್ಮ ಪಾಲಿನ ಹಣವನ್ನು ಸಹಾಯಕ ಚಾರ್ಲ್ಸ್ ಬೆಸ್ಟ್ ಜೊತೆಗೂ ಮೆಕ್ಲಾಯ್ಡ್ ತಮ್ಮದನ್ನು ಕಾಲಿಪ್ ಜೊತೆಗೂ ಹಂಚಿಕೊಂಡರು. ಕತೆಯೇ ಎದುರಿಗಿರುವಾಗ ‘ವರದಾನ’ ಎಂಬ ಪದವನ್ನು ಎತ್ತಿಕೊಳ್ಳುವ ಅಗತ್ಯವೇನಿತ್ತು?

ಈಗ ಒಂಬತ್ತನೆಯ ಪುಟ. 2009ರಲ್ಲಿ ಅರ್ಥಶಾಸ್ತ್ರದ ಪುರಸ್ಕಾರ ಪಡೆದ ಎಲಿನಾರ್ ಆಸ್ಟ್ರಮ್ ಅವರಿಗೆ ನೀವು ನಾಲ್ಕು ಸಾಲು ಕೊಟ್ಟಿದ್ದೀರಿ. ಮೂರರಲ್ಲಿ ಇರುವುದು ಇಸವಿ, ವಿಶ್ವವಿದ್ಯಾಲಯ ಮತ್ತು ‘ಮೊದಲ ಮಹಿಳೆ’ ಎಂಬ ಹೊಗಳಿಕೆ. ನಾಲ್ಕನೆಯದು ಹೀಗಿದೆ: ‘ನಾಲೆಯ ಕೊನೆಯ ಗದ್ದೆ ನಮ್ಮದಾದ್ದರಿಂದ, ನೀರು ಬಿಟ್ಟ ರಾತ್ರಿ ನಮ್ಮ ತಂದೆ ಲಾಟೀನು ಹಿಡಿದು ಮೇಲಿನವರ ತೂಬು ಕಾಯಲು ಹೋಗುತ್ತಿದ್ದರು.’ ಹನ್ನೆರಡು ಪುಟಗಳಲ್ಲಿ ನೀವೇ ಕಂಡು ಬರೆದದ್ದು ಇದೊಂದೇ.

ಆಸ್ಟ್ರಮ್ ಜೀವಮಾನವಿಡೀ ಕೇಳಿದ ಪ್ರಶ್ನೆ ನಿಮ್ಮ ತಂದೆಯವರ ಲಾಟೀನಿನ ಪ್ರಶ್ನೆಯೇ: ಎಲ್ಲರಿಗೂ ಸೇರಿದ್ದನ್ನು ಯಾರು ಕಾಯಬೇಕು, ಹೇಗೆ ಹಂಚಿಕೊಳ್ಳಬೇಕು? ಎಲ್ಲರಿಗೂ ಸೇರಿದ ಹುಲ್ಲುಗಾವಲನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಮೇಯಿಸಿ ಕೊನೆಗೆ ಬರಿದುಮಾಡುತ್ತಾನೆಂದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ವಾದಿಸಿದ್ದರು. ಹಾಗಾದರೆ ಒಂದೋ ಸರ್ಕಾರ ವಹಿಸಿಕೊಳ್ಳಬೇಕು, ಇಲ್ಲವೇ ಖಾಸಗಿಯವರಿಗೆ ಒಪ್ಪಿಸಬೇಕು ಎಂದು ಬಹಳ ಮಂದಿ ನಂಬಿದರು. ರಾಜ್ಯಶಾಸ್ತ್ರ ಓದಿದ್ದ ಆಸ್ಟ್ರಮ್ ಮಾತ್ರ ಹೊಲಗದ್ದೆಗಳ ಕಡೆ ನಡೆದರು. ನೇಪಾಳದಲ್ಲಿ ರೈತರು ತಾವೇ ಕಟ್ಟಿ ನಡೆಸುವ ಕಾಲುವೆಗಳನ್ನೂ ಸರ್ಕಾರಿ ಕಾಲುವೆಗಳನ್ನೂ ಅವರು ಮತ್ತು ಸಂಗಡಿಗರು ಹೋಲಿಸಿ ನೋಡಿದಾಗ, ಕೊನೆಯ ಗದ್ದೆಗೆ ನೀರು ಮುಟ್ಟಿಸುವುದರಲ್ಲಿ ಎಷ್ಟೋ ಕಡೆ ಕಲ್ಲು, ಮಣ್ಣು, ಸೊಪ್ಪುಸೌದೆಯ ಒಡ್ಡುಗಳ ರೈತರ ಕಾಲುವೆಯೇ ಮೇಲಾಗಿತ್ತು. ಮಳೆಗಾಲದಲ್ಲಿ ಆ ಒಡ್ಡು ಕೊಚ್ಚಿಹೋಗುತ್ತದೆ. ಅದನ್ನು ಮತ್ತೆ ಕಟ್ಟಲು ಮೇಲಿನವರಿಗೆ ಕೆಳಗಿನವರ ಕೈಗಳು ಬೇಕು. ಕೈ ಬೇಕಾದರೆ ನೀರು ಬಿಡಲೇಬೇಕು. ಕಾಂಕ್ರೀಟಿನ ಒಡ್ಡು ಬಂದ ಕಡೆ ಮೇಲಿನವರಿಗೆ ಆ ಹಂಗು ತಪ್ಪಿತು, ಕೆಳಗಿನವರಿಗೆ ನೀರು ತಪ್ಪಿತು.

ನೀವು ಇದರ ಮೇಲೆ ಬರೆಯಬೇಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಹುಟ್ಟಿದವರು ನೀವು. ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯ ನೀರಿಗೆ ಕಾಯುವುದೆಂದರೇನೆಂದು, ಭತ್ತದ ಸಸಿಮಡಿಯಾದ ಒಟ್ಲು ಒಣಗುವಾಗ ಮನೆಯಲ್ಲಿ ಯಾವ ಮಾತು ನಡೆಯುತ್ತದೆಂದು ನಿಮಗೆ ಗೊತ್ತು. ಕೆರೆಯ ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿಯನ್ನು ಕಂಡ ಹಿರಿಯರು ನಿಮ್ಮ ಸುತ್ತಲಿನ ಊರುಗಳಲ್ಲಿ ಇನ್ನೂ ಇರಬಹುದು, ಅವರನ್ನು ಮಾತನಾಡಿಸಿ. ಒಂದು ಎಚ್ಚರಿಕೆ: ರೈತರು ಒಗ್ಗೂಡಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ತೀರ್ಮಾನಕ್ಕೆ ಆಸ್ಟ್ರಮ್ ಅವರನ್ನು ಸಾಕ್ಷಿಗೆ ಕರೆಯಬೇಡಿ. ಎಲ್ಲ ಊರಿಗೂ ಒಂದೇ ಮದ್ದು ಎಂಬ ಮಾತನ್ನು ಅವರು ಒಪ್ಪಿದವರಲ್ಲ. ಮೇಲಾಗಿ ಬೆಟ್ಟದ ಹಳ್ಳದ ಒಡ್ಡಿಗೂ ಕನ್ನಂಬಾಡಿಯಿಂದ ಹೊರಟು ತಾಲ್ಲೂಕುಗಳನ್ನು ದಾಟಿ ಬರುವ ನಾಲೆಗೂ ಬಹಳ ಅಂತರವಿದೆ. ಆ ಅಂತರ ಯಾವುದೆಂದು ಬಿಡಿಸಿ ಹೇಳಿದರೂ ಅದೊಂದು ಒಳ್ಳೆಯ ಲೇಖನವಾದೀತು.

ಉಳಿದ ನಲವತ್ತು ಹೆಸರುಗಳನ್ನು ಬಿಟ್ಟುಬಿಡಿ. ಐದು ಪುಟ ಸಾಕು. ಹಸ್ತಪ್ರತಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಲಾಟೀನಿನ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆ ಬರೆದಿದ್ದೇನೆ: ಮೇಲಿನ ಗದ್ದೆಯವರು ನಿಮ್ಮ ತಂದೆಯವರನ್ನು ಕಂಡಾಗ ಏನೆನ್ನುತ್ತಿದ್ದರು?

ಇಂತು,
ಸಂಪಾದಕ
ಮೈಸೂರು