ಓದುಗರ ಪ್ರಶ್ನೆ: ಮಿನಿ ಟ್ರ್ಯಾಕ್ಟರಿಗೆ ಯಾವ ಹುಲ್ಲಿನ ಯಂತ್ರ?

ಪ್ರಶ್ನೆ: ತಿಪಟೂರು ತಾಲ್ಲೂಕಿನಲ್ಲಿ ನಮಗೆ ಐದು ಎಕರೆ ಜಮೀನಿದೆ. ಮೂರು ಎಕರೆಯಲ್ಲಿ ತೆಂಗು, ಉಳಿದ ಎರಡು ಎಕರೆ ಬಯಲಿನಲ್ಲಿ ಕೊಳವೆಬಾವಿಯ ನೀರಿನಿಂದ ರೋಡ್ಸ್ ಹುಲ್ಲು ಬೆಳೆದಿದ್ದೇವೆ. ನಾನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವುದರಿಂದ ಶನಿವಾರ, ಭಾನುವಾರ ಮಾತ್ರ ತೋಟಕ್ಕೆ ಹೋಗುತ್ತೇನೆ. ನಾಲ್ಕು ಹಸುಗಳೂ 24 ಅಶ್ವಶಕ್ತಿಯ ಒಂದು ಮಿನಿ ಟ್ರ್ಯಾಕ್ಟರೂ ಇವೆ. ಬೇಸಿಗೆಗೆ ಹುಲ್ಲು ಒಣಗಿಸಿ ಇಟ್ಟುಕೊಳ್ಳುವ ಯೋಚನೆ ಇದೆ. ಮಾರಾಟಗಾರರು ಸ್ಲ್ಯಾಶರ್ ಮತ್ತು ಒಣಹುಲ್ಲನ್ನು ರೋಲಾಗಿ ಸುತ್ತಿ ಕಟ್ಟುವ ಸಣ್ಣ ರೌಂಡ್ ಬೇಲರ್ ಎರಡನ್ನೂ ಕೊಳ್ಳಿ ಎನ್ನುತ್ತಿದ್ದಾರೆ. ಕೊಳ್ಳಬಹುದೇ?
– ಓದುಗರು, ತಿಪಟೂರು ತಾಲ್ಲೂಕು

ಉತ್ತರ: ಎರಡೂ ನಿಮಗೆ ಬೇಡ. ಸ್ಲ್ಯಾಶರ್ ಇರುವುದು ಕಳೆ, ಪೊದೆ ಸವರುವುದಕ್ಕೆ. ಅದು ಹುಲ್ಲನ್ನು ಬುಡದಲ್ಲಿ ಕೊಯ್ದು ಮಲಗಿಸುವುದಿಲ್ಲ. ಬಡಿದು, ತುಂಡರಿಸಿ, ಮಣ್ಣಿನ ಜತೆ ಬೆರೆಸಿ ಚೆಲ್ಲುತ್ತದೆ. ಹಾಗೆ ಚೂರಾದ ಹುಲ್ಲು ಸಾಲುಗೂಡಿಸುವ ರೇಕಿಗೂ ಸಿಗುವುದಿಲ್ಲ, ಕೈಗೂ ಸಿಗುವುದಿಲ್ಲ, ಹಸುವಿಗೆ ಬೇಕಾದ ಎಲೆಯ ಭಾಗವೇ ಮೊದಲು ನೆಲಕ್ಕೆ ಹೋಗುತ್ತದೆ.

ಯಂತ್ರವನ್ನು ಆರಿಸುವ ಮೊದಲು ಟ್ರ್ಯಾಕ್ಟರಿನ ಶಕ್ತಿಯನ್ನು ಸರಿಯಾಗಿ ಲೆಕ್ಕ ಹಾಕಬೇಕು. ಬಾನೆಟ್ಟಿನ ಮೇಲೆ ಬರೆದಿರುವ 24 ಅಶ್ವಶಕ್ತಿ ಎಂಜಿನ್ನಿನದು; ಹಿಂದೆ ಜೋಡಿಸಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟಿಗೆ ತಲುಪುವಷ್ಟರಲ್ಲಿ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಇನ್ನು ತೂಕದ ಮಾತು. ಈ ವರ್ಗದ ಟ್ರ್ಯಾಕ್ಟರುಗಳ ಲಿಫ್ಟ್ ಸಾಮರ್ಥ್ಯ ಸಾಮಾನ್ಯವಾಗಿ 750 ಕೆ.ಜಿ. ಎಂದು ಕಾಗದದಲ್ಲಿದ್ದರೂ, ಹುಲ್ಲು ಕೊಯ್ಯುವ ಯಂತ್ರ ಹಿಂದೆ ನೇರವಾಗಿ ಇರದೆ ಬಲಕ್ಕೆ ಚಾಚಿಕೊಂಡಿರುವುದರಿಂದ, ಅದಕ್ಕಿಂತ ಬಹಳ ಕಡಿಮೆ ಭಾರಕ್ಕೇ ಮುಂದಿನ ಚಕ್ರ ಹಗುರಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತದೆ. ಮುಂಭಾಗಕ್ಕೆ ತೂಕದ ಕಲ್ಲುಗಳನ್ನು ಕೂರಿಸಿಕೊಂಡೇ ಕೆಲಸಕ್ಕೆ ಇಳಿಯಬೇಕು.

ಈ ಮಿತಿಯೊಳಗೆ ನಿಮಗೆ ಎರಡು ದಾರಿಗಳಿವೆ. ಒಂದು, ತಿರುಗುವ ಎರಡು ಡ್ರಮ್ಮುಗಳ ಬುಡದಲ್ಲಿರುವ ಬ್ಲೇಡುಗಳಿಂದ ಕೊಯ್ಯುವ ಡ್ರಮ್ ಮೋವರ್. ಇನ್ನೊಂದು, ಕತ್ತರಿಯಂತೆ ಅತ್ತಿತ್ತ ಓಡುವ ಬ್ಲೇಡುಗಳಿರುವ ಕಟರ್ ಬಾರ್. ಡ್ರಮ್ ಮೋವರ್ ಗಟ್ಟಿಮುಟ್ಟಾದದ್ದು, ಮಲಗಿದ ಹುಲ್ಲನ್ನೂ ಕೊಯ್ಯುತ್ತದೆ, ಬ್ಲೇಡ್ ಬದಲಿಸುವುದೂ ಸುಲಭ. ಆದರೆ 135 ಸೆಂ.ಮೀ. ಅಗಲದ ಚಿಕ್ಕ ಮಾದರಿಯೇ ನಿಮ್ಮ ಟ್ರ್ಯಾಕ್ಟರಿನ ಶಕ್ತಿಯ ಅಂಚಿಗೆ ಬರುತ್ತದೆ, 165 ಸೆಂ.ಮೀ. ಮಾದರಿಯನ್ನು ಯಾರು ಎಷ್ಟೇ ರಿಯಾಯಿತಿಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಕಟರ್ ಬಾರಿಗೆ ಇದರ ಕಾಲುಭಾಗದಷ್ಟು ಶಕ್ತಿಯೂ ಬೇಕಾಗುವುದಿಲ್ಲ, ತೂಕವೂ ಕಡಿಮೆ. ಹುತ್ತ, ಕಲ್ಲು, ತೆಂಗಿನ ಮಟ್ಟೆಯ ಚೂರು ಸಿಕ್ಕರೆ ಹಲ್ಲು ಮುರಿಯುವುದೂ ಬ್ಲೇಡುಗಳನ್ನು ಆಗಾಗ ಮಸೆಯಬೇಕಾಗುವುದೂ ಅದರ ಕೊರತೆಗಳು.

ನಿಮ್ಮ ಸಂದರ್ಭದಲ್ಲಿ ನಾನು ಕಟರ್ ಬಾರಿನ ಪರವಾಗಿದ್ದೇನೆ, ಶಕ್ತಿಯ ಕಾರಣಕ್ಕಷ್ಟೇ ಅಲ್ಲ. ಡ್ರಮ್ ಮೋವರ್ ಕೊಯ್ದ ಹುಲ್ಲನ್ನು ಎರಡು ಡ್ರಮ್ಮುಗಳ ನಡುವಿನಿಂದ ಒತ್ತಾದ ಸಾಲಾಗಿ ಬಿಡುತ್ತದೆ. ಅದರ ಒಳಗೆ ಗಾಳಿಯಾಡಬೇಕಾದರೆ ಟೆಡ್ಡರ್ ಎಂಬ ಇನ್ನೊಂದು ಯಂತ್ರದಿಂದಲೋ ಕವೆಗೋಲು ಹಿಡಿದ ಆಳುಗಳಿಂದಲೋ ಹರಡಿಸಬೇಕು. ಕಟರ್ ಬಾರ್ ಹುಲ್ಲನ್ನು ತೆಳ್ಳಗೆ, ನಿಂತ ಜಾಗದಲ್ಲೇ ಮಲಗಿಸುತ್ತದೆ. ವಾರಾಂತ್ಯಕ್ಕೆ ಮಾತ್ರ ಬರುವವರಿಗೆ ಇದು ಸಣ್ಣ ವಿಷಯವಲ್ಲ: ಶನಿವಾರ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ನೆಲದಿಂದ ಮೂರು ನಾಲ್ಕು ಅಂಗುಲ ಎತ್ತರಕ್ಕೆ ಕೊಯ್ದು, ಭಾನುವಾರ ಒಮ್ಮೆ ಮಗುಚಿ ಹಾಕಿದರೆ, ಡಿಸೆಂಬರ್‌ನಿಂದ ಫೆಬ್ರುವರಿಯವರೆಗಿನ ಬಿಸಿಲಿನಲ್ಲಿ ಸೋಮವಾರ ಅಥವಾ ಮಂಗಳವಾರ ತೋಟದಲ್ಲಿರುವವರು ಅದನ್ನು ಕೂಡಿಸಬಹುದು. ಮಳೆಗಾಲದ ಕೊಯ್ಲನ್ನು ಹಸಿಯಾಗಿಯೇ ತಿನ್ನಿಸಿ. ತೆಂಗಿನ ಮರಗಳ ನಡುವೆ ಕೊಯ್ದ ಹುಲ್ಲು ನೆರಳಿನಲ್ಲಿ ಒಣಗದೆ ಕಪ್ಪಾಗುವುದರಿಂದ ಅದನ್ನು ಬಯಲಿಗೆ ಸಾಗಿಸಿಯೇ ಒಣಗಿಸಬೇಕು. ನೀವು ಸೀಮೆಹುಲ್ಲನ್ನು ಬಿಟ್ಟು ರೋಡ್ಸ್ ಹುಲ್ಲನ್ನು ಆರಿಸಿದ್ದು ಒಳ್ಳೆಯದೇ ಆಯಿತು. ಸೀಮೆಹುಲ್ಲಿನ ದಪ್ಪ ದಂಟು ಒಣಗುವಷ್ಟರಲ್ಲಿ ಎಲೆ ಪುಡಿಯಾಗಿರುತ್ತದೆ, ಅದು ಗಾಳಿಯಾಡದಂತೆ ಅದುಮಿ ಹುಳಿಸಿಡುವ ಹಸಿಮೇವಿಗೇ, ಅಂದರೆ ಸೈಲೇಜಿಗೇ, ಲೇಸು.

ಹುಲ್ಲನ್ನು ಸಾಲುಗೂಡಿಸಲು ಮೂರು ಅಥವಾ ನಾಲ್ಕು ಚಕ್ರಗಳ ಫಿಂಗರ್ ವೀಲ್ ರೇಕ್ ಸಾಕು. ನೆಲಕ್ಕೆ ತಾಗಿ ತಾನಾಗಿ ತಿರುಗುವ ಈ ಸಾಧನಕ್ಕೆ ಪಿಟಿಒ ಬೇಕಾಗಿಲ್ಲ. ಕಡ್ಡಿಗಳು ಮಣ್ಣು ಕೆದಕದಷ್ಟು ಎತ್ತರಕ್ಕೆ ಹೊಂದಿಸಿಕೊಳ್ಳಿ.

ಈಗ ಬೇಲರ್ ವಿಚಾರ. ಸಣ್ಣ ರೌಂಡ್ ಬೇಲರನ್ನು ನಿಮ್ಮ ಟ್ರ್ಯಾಕ್ಟರ್ ಸಮತಟ್ಟಾದ ನೆಲದಲ್ಲಿ ಹೇಗೋ ಎಳೆದೀತು. ಚೌಕ ಬೇಲರ್ ಅದರ ಕೈಯಲ್ಲಿ ಆಗುವ ಕೆಲಸವೇ ಅಲ್ಲ. ಆದರೆ ಎಳೆಯುತ್ತದೆಯೇ ಎನ್ನುವುದಕ್ಕಿಂತ ಅದಕ್ಕೆ ಕೆಲಸವಿದೆಯೇ ಎಂದು ಕೇಳಬೇಕು. ಒಂದು ಹಸುವಿಗೆ ದಿನಕ್ಕೆ 6 ಕೆ.ಜಿ. ಒಣಮೇವು ಎಂದು ಹಿಡಿದರೂ, ನಾಲ್ಕು ಹಸುಗಳಿಗೆ 120 ದಿನಗಳ ಬೇಸಿಗೆಗೆ 2,880 ಕೆ.ಜಿ. ಬೇಕು. 15 ಕೆ.ಜಿ.ಯ ರೋಲುಗಳಾದರೆ ಅದು ಇನ್ನೂರಕ್ಕೂ ಕಡಿಮೆ. ಹಲವು ಲಕ್ಷ ರೂಪಾಯಿ ಕೊಟ್ಟು ತಂದ ಯಂತ್ರ ವರ್ಷದಲ್ಲಿ ಒಂದು ದಿನ ದುಡಿದು, ಉಳಿದ ದಿನಗಳಲ್ಲಿ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ.

ನಿಮ್ಮ ಭಾಗದಲ್ಲಿ ರಾಗಿ ಕೊಯ್ಲಾದ ಮೇಲೆ ಅಕ್ಕಪಕ್ಕದವರ ರಾಗಿ ಹುಲ್ಲಿಗೆ ಬೇಲರ್ ಬರುವಂತಿದ್ದರೆ ನಿಮ್ಮ ಒಂದು ಕೊಯ್ಲನ್ನು ಅದೇ ವಾರಕ್ಕೆ ಹೊಂದಿಸಿಕೊಳ್ಳಿ, ಏಕೆಂದರೆ ಎರಡೇ ಎಕರೆಗೆಂದು ಬಾಡಿಗೆಯವರು ದೂರದಿಂದ ಬರಲು ಒಪ್ಪುವುದು ಕಷ್ಟ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿಯೂ ವಿಚಾರಿಸಿ. ಅದೂ ಆಗದಿದ್ದರೆ, ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಆಳದ ಮರದ ಪೆಟ್ಟಿಗೆಯನ್ನು ಊರ ಬಡಗಿಯಿಂದಲೇ ಮಾಡಿಸಿ, ಹಗ್ಗ ಹಾಸಿ, ಹುಲ್ಲು ತುಂಬಿ, ಸನ್ನೆಕೋಲಿನಿಂದ ಅದುಮಿ ಕಟ್ಟಬಹುದು. ಒಂದೊಂದು ಪೆಂಡಿ 12ರಿಂದ 15 ಕೆ.ಜಿ. ತೂಗುತ್ತದೆ. ಬಣವೆ ಒಟ್ಟುವುದನ್ನು ಬಲ್ಲ ಹಿರಿಯರು ಮನೆಯಲ್ಲಿದ್ದರೆ ಪೆಂಡಿಯ ಗೊಡವೆಯೂ ಬೇಡ.

ಕಟ್ಟುವ ಮುನ್ನ ತೇವ ನೋಡಲೇಬೇಕು. ಹುಲ್ಲಿನ ಚೂರುಗಳನ್ನು ಒಂದು ಹಿಡಿ ಒಣ ಉಪ್ಪಿನ ಜತೆ ಮುಚ್ಚಳದ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ. ಉಪ್ಪು ಗಂಟಾದರೆ ಹುಲ್ಲು ಇನ್ನೂ ಒಣಗಬೇಕು. ತೇವ ಶೇ. 20ಕ್ಕಿಂತ ಹೆಚ್ಚಿರುವಾಗ ಅದುಮಿ ಕಟ್ಟಿದ ಹುಲ್ಲು ಬೂಸ್ಟು ಹಿಡಿಯುತ್ತದೆ, ಒಳಗೇ ಕಾವು ಏರಿ ತಾನಾಗಿ ಬೆಂಕಿ ಹೊತ್ತಿಕೊಳ್ಳುವುದೂ ಉಂಟು.

ಕೊಳ್ಳುವಾಗ ಎರಡು ಎಚ್ಚರಿಕೆ ಇರಲಿ. ಹಲವು ಮಿನಿ ಟ್ರ್ಯಾಕ್ಟರುಗಳಲ್ಲಿ ನಿಮಿಷಕ್ಕೆ 540 ಸುತ್ತುಗಳ ಆಸುಪಾಸಿನ ಪಿಟಿಒ ವೇಗದ ಜತೆಗೆ 750 ಅಥವಾ 980ರಂತಹ ಇನ್ನೊಂದು ವೇಗವೂ ಇರುತ್ತದೆ. 540ಕ್ಕೆಂದು ಮಾಡಿದ ಯಂತ್ರವನ್ನು ಅಕಸ್ಮಾತ್ತಾಗಿಯೂ ಆ ಹೆಚ್ಚಿನ ವೇಗದಲ್ಲಿ ಓಡಿಸಬಾರದು. ಶಾಫ್ಟಿನ ಪ್ಲಾಸ್ಟಿಕ್ ಕವಚವಿಲ್ಲದೆ ಯಂತ್ರವನ್ನು ಮನೆಗೆ ತರಬೇಡಿ. ಪಂಚೆ, ಸೀರೆಯ ಸೆರಗು ಸಿಲುಕಿದರೆ ಕೈ ಎತ್ತುವಷ್ಟೂ ಸಮಯ ಸಿಗದು. ಸಹಾಯಧನದ ಬಗ್ಗೆ ರೈತ ಸಂಪರ್ಕ ಕೇಂದ್ರದಲ್ಲಿ ಹಣ ಕಟ್ಟುವ ಮೊದಲೇ ಕೇಳಿ.

ಪ್ರಶ್ನೆ: ನಮ್ಮದು ಕೊಪ್ಪದ ಕಡೆಯ ಇಳಿಜಾರು ಜಮೀನು. ತೋಟದ ಕಿರಿದಾದ ಟ್ರ್ಯಾಕ್ಟರಿಗೆ ಡ್ರಮ್ ಮೋವರ್ ಹಾಕಬಹುದೇ?
– ಓದುಗರು, ಕೊಪ್ಪ

ಉತ್ತರ: ಬೇಡ. ಚಕ್ರಗಳ ನಡುವಿನ ಅಂತರ ಕಡಿಮೆಯಿರುವ ಟ್ರ್ಯಾಕ್ಟರಿನ ಒಂದು ಬದಿಗೆ ಭಾರ ಚಾಚಿ ಇಳಿಜಾರಿಗೆ ಅಡ್ಡಲಾಗಿ ಓಡಿಸುವುದು ಪ್ರಾಣಾಪಾಯದ ಕೆಲಸ. ಕೈಯಲ್ಲಿ ಹಿಡಿದು ನಡೆಸುವ ಕಟರ್ ಬಾರ್ ಯಂತ್ರವನ್ನೋ, ಕಡಿದಾದ ಕಡೆ ಬ್ರಷ್ ಕಟರನ್ನೋ ಬಳಸಿ. ನಿಮ್ಮಲ್ಲಿ ಒಣಗಿಸಲು ಬಿಸಿಲು ಸಿಗುವ ಹೊತ್ತಿಗೆ ಬಹುಪಾಲು ಹುಲ್ಲು ಬಲಿತಿರುವುದರಿಂದ, ಮಳೆ ಬಿಡುವು ಕೊಟ್ಟಾಗ ಕೊಯ್ದು ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಸೈಲೇಜ್ ಮಾಡುವುದು ಹೆಚ್ಚು ಅನುಕೂಲ.